ಹಣ, ಹೊನ್ನು, ದುಡ್ಡು, ಕಾಸು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಸಾಮ್ರಾಜ್ಯಗಳ ಮಾತು, ಮಹಾಕವಿಗಳ ಮಾತು ಬರುವುದು ವಾಡಿಕೆ. ನಾವು ಈ ಸಂಜೆ ಅಷ್ಟು ದೊಡ್ಡ ವಿಷಯವನ್ನು ಎತ್ತಿಕೊಂಡಿಲ್ಲ. ಬೆರಳ ತುದಿಯ ಮೇಲೆ ನಿಲ್ಲುವ ಒಂದು ವಸ್ತುವಿನ ವಿಚಾರವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ. ಅದು ನಮ್ಮ ಹಳೆಯ ನಾಣ್ಯ. ಅದನ್ನು ಕಾಣಲು ಹೋಗಬೇಕಾದ ಸ್ಥಳಗಳೂ ಸಣ್ಣವೇ.

‘ಅಪ್ಪಾ, ದುಡ್ಡು ಕೊಡು’ ಎಂದು ಮಗು ಕೇಳುತ್ತದೆ. ‘ಕೈಯಲ್ಲಿ ಕಾಸಿಲ್ಲ’ ಎಂದು ತಂದೆ ಹೇಳುತ್ತಾನೆ. ‘ಹಣ ಏನು ಮರದಲ್ಲಿ ಬೆಳೆಯುತ್ತದೆಯೇ?’ ಎಂದು ಅಜ್ಜಿ ಸೇರಿಸುತ್ತಾಳೆ. ಈ ಮೂರೂ ಒಂದು ಕಾಲಕ್ಕೆ ಬೇರೆ ಬೇರೆ ನಾಣ್ಯಗಳ ಹೆಸರುಗಳು. ದುಡ್ಡು ಮತ್ತು ಕಾಸು ತಾಮ್ರದವು; ಹಣ ಚಿನ್ನದ ಚಿಕ್ಕ ನಾಣ್ಯ. ಪಾಲು ಹಾಲಾದಂತೆ ಪಣ ಹಣವಾಯಿತು, ಪೊನ್ ಹೊನ್ನಾಯಿತು. ಚೆನ್ನೈಯಲ್ಲಿ ನೆಲಸಿರುವ ನಮ್ಮ ಬಂಧುಗಳು ನೆರೆಮನೆಯವರ ಬಾಯಲ್ಲಿ ಈಗಲೂ ‘ಪಣಂ’, ‘ಪೊನ್’ ಎಂಬ ಮಾತುಗಳನ್ನು ಕೇಳುತ್ತಾರೆ. ನಾಣ್ಯಗಳ ಚಲಾವಣೆ ನಿಂತುಹೋಯಿತು. ಅವುಗಳ ಹೆಸರುಗಳು ಮಾತ್ರ ನಮ್ಮ ನಾಲಗೆಯ ಮೇಲೆ ಇಂದಿಗೂ ಚಲಾವಣೆಯಲ್ಲಿವೆ.

ಆ ನಾಣ್ಯಗಳನ್ನು ಕಣ್ಣಾರೆ ಕಾಣುವುದೆಲ್ಲಿ? ಈ ಮುಂಬಯಿಯಲ್ಲಿ 1922ರಲ್ಲಿ ಬಾಗಿಲು ತೆರೆದ ದೊಡ್ಡ ವಸ್ತುಸಂಗ್ರಹಾಲಯ, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿನದು, ಇದ್ದೇ ಇದೆ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಶಿಲ್ಪಫಲಕಗಳು ಅಲ್ಲಿವೆ. ನೋಡದಿದ್ದವರು ಅಗತ್ಯವಾಗಿ ನೋಡಬೇಕು. ಆದರೆ ಅವು ನಮ್ಮಂತೆಯೇ ಊರು ಬಿಟ್ಟು ಬಂದವು; ಗುಡಿ ಅಲ್ಲಿ, ಛಾವಣಿಯ ದೇವರು ಇಲ್ಲಿ. ಐಹೊಳೆಯ ದುರ್ಗ ಗುಡಿಯ ಆವರಣದ ಪುಟ್ಟ ಸಂಗ್ರಹಾಲಯದಲ್ಲಿ ಹಾಗಲ್ಲ. ಒಳಗೆ ವಿಗ್ರಹ ನೋಡಿ ಹೊರಗೆ ಬಂದರೆ ಅದನ್ನು ಕಡೆದ ಕಲ್ಲಿನ ನಾಡೇ ಕಣ್ಣೆದುರಿಗಿರುತ್ತದೆ. ಸಣ್ಣ ಸಂಗ್ರಹಾಲಯಗಳ ಹಿರಿಮೆ ಇದೇ. ವಸ್ತುವಿಗೂ ನೆಲಕ್ಕೂ ಅಲ್ಲಿ ಅಗಲಿಕೆಯಿಲ್ಲ.

ಹಂಪೆಗೆ ಹೋಗಿ ಬಂದವರು ಈ ಸಭೆಯಲ್ಲಿ ಅನೇಕರಿದ್ದೀರಿ. ವಿರೂಪಾಕ್ಷನ ದರ್ಶನವಾಯಿತು, ಕಲ್ಲಿನ ರಥವಾಯಿತು, ಬಸ್ಸಿಗೆ ಹೊತ್ತಾಯಿತು! ಹತ್ತಿರದ ಕಮಲಾಪುರದಲ್ಲಿ ಪುರಾತತ್ತ್ವ ಇಲಾಖೆಯ ಸಂಗ್ರಹಾಲಯವೊಂದಿದೆ. ಅಲ್ಲಿ ಇಡೀ ಹಂಪೆಯ ಮಾದರಿಯಿದೆ, ವೀರಗಲ್ಲುಗಳಿವೆ, ತಾಮ್ರಶಾಸನಗಳಿವೆ. ವಿಜಯನಗರದ ಚಿನ್ನದ ಮತ್ತು ತಾಮ್ರದ ನಾಣ್ಯಗಳೂ ಇವೆ. ಮುತ್ತುರತ್ನಗಳನ್ನು ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರೆಂದು ಹೆಮ್ಮೆಪಡುವ ನಾವು, ಆ ವ್ಯಾಪಾರ ನಡೆಸಿದ ನಾಣ್ಯ ಎಷ್ಟಿತ್ತೆಂದು ನೋಡಬೇಡವೇ? ವರಾಹದ ತೂಕ ಸುಮಾರು 3.4 ಗ್ರಾಂ, ಹಣದ ತೂಕ ಅದರ ಹತ್ತನೆಯ ಒಂದು ಪಾಲು. ಉಫ್ ಎಂದರೆ ಹಾರಿಹೋದೀತು ಎನ್ನುವಂಥದು. ಅಷ್ಟು ಚಿಕ್ಕ ಜಾಗದಲ್ಲಿ ಕಮ್ಮಟದ ಅಕ್ಕಸಾಲಿಗರು ಉಮಾಮಹೇಶ್ವರರನ್ನು ಕೂರಿಸಿದರು, ಅಚ್ಯುತರಾಯನ ಗಂಡಭೇರುಂಡವನ್ನು ನಿಲ್ಲಿಸಿದರು.

ಇಲ್ಲಿ ನಾವು ಹೆತ್ತವರಿಗೆ ಒಂದು ಮಾತು ಹೇಳಬೇಕು. ಅಚ್ಯುತರಾಯನ ವರಾಹದ ಮೇಲಿನ ಹೆಸರು ನಾಗರಿ ಲಿಪಿಯಲ್ಲಿದೆ. ಶಾಲೆಯಲ್ಲಿ ಮರಾಠಿ, ಹಿಂದಿ ಓದುವ ನಮ್ಮ ಮಗು ಅದರ ಒಂದೆರಡು ಅಕ್ಷರಗಳನ್ನಾದರೂ ಗುರುತು ಹಿಡಿದೀತು. ಪಕ್ಕದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1799–1868) ಹೆಸರಿನ ತಾಮ್ರದ ಕಾಸನ್ನು ಇಟ್ಟರೆ? ಅದರ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಸ್ಪಷ್ಟವಾಗಿದೆ. ಮನೆಯಲ್ಲಿ ಕನ್ನಡ ಮಾತನಾಡುವ ಆ ಮಗು, ತನ್ನದೇ ಕಾಸಿನ ಮುಂದೆ ಬಾಯಿ ಕಟ್ಟಿ ನಿಲ್ಲುತ್ತದೆ. ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದಾಗ ಆ ಸಂಗತಿಯನ್ನು ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲೇ ಬರೆಸಿದನು: ‘ಶ್ರೀ ತಳಕಾಡುಗೊಂಡ’. ಒಂಬತ್ತು ನೂರು ವರ್ಷಗಳ ಹಿಂದೆ ಸಂತೆಯ ವ್ಯಾಪಾರಿಯ ಕೈಗೆ ಹೋದ ಕನ್ನಡ ಅದು. ಆ ಲಿಪಿಯನ್ನು ಬಿಡಿಸಲು ವಿದ್ವಾಂಸರೇ ಬೇಕು, ನಿಜ. ಆದರೆ ಇಂದಿನ ಕನ್ನಡ ಅಕ್ಷರವನ್ನು ಕಲಿಸಲು ತಾಯಿತಂದೆಯರು ಸಾಕು. ಮಾತು ಉಳಿದು ಅಕ್ಷರ ಹೋದರೆ, ಇಷ್ಟೆಲ್ಲ ಸಂಗ್ರಹಾಲಯಗಳಿದ್ದೂ ನಮ್ಮ ಮಕ್ಕಳಿಗೆ ಅವು ಗಾಜಿನ ಪೆಟ್ಟಿಗೆಗಳು ಮಾತ್ರ.

ಇನ್ನೊಂದು ವಿಷಯ. ಅನೇಕರ ಮನೆಯ ದೇವರ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯಗಳಿರುತ್ತವೆ. ಹಬ್ಬ ಬಂದಿತೆಂದರೆ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕುತ್ತೇವೆ. ಭಕ್ತಿ ಸರಿಯೇ, ಆದರೆ ಪ್ರತಿ ತಿಕ್ಕಿಗೂ ಅಕ್ಷರ ಸವೆಯುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಶ್ರೀರಾಮ ಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕೆಯನ್ನು ಪುರಾತನ ರಾಜರ ನಾಣ್ಯವೆಂದು ನಂಬಿರುವವರೂ ಉಂಟು. ಅದು ಪೂಜೆಗೆಂದು ಮಾಡಿದ ಬಿಲ್ಲೆ, ಪೇಟೆಯ ನಾಣ್ಯವಲ್ಲ. ನಾಲ್ಕು ನಿಜವಾದ ನಾಣ್ಯಗಳನ್ನು ನೋಡಿದ ಕಣ್ಣಿಗೆ ಈ ಭೇದ ತಾನಾಗಿ ತಿಳಿಯುತ್ತದೆ.

ಊರಿನ ಹೊಲದಲ್ಲಿ ನೇಗಿಲಿಗೆ ನಾಣ್ಯ ಸಿಕ್ಕಿತೆಂದು ಸುದ್ದಿ ಬಂದರೆ, ಕರಗಿಸಲು ಬಿಡಬೇಡಿ. ಸರ್ಕಾರಕ್ಕೆ ತಿಳಿಸಲು ಹೇಳಿ. ನಿಧಿಯ ಬಗೆಗಿನ ಕಾನೂನು 1878ರಷ್ಟು ಹಿಂದೆಯೇ ಬಂದಿದೆ. ನಾಣ್ಯದಷ್ಟೇ ಅದು ಸಿಕ್ಕಿದ ಜಾಗವೂ ಮುಖ್ಯ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ವೀಲರ್ ಅವರೂ ಅಗೆದು ನೋಡಿದರು. ರೋಮಿನ ಚಕ್ರವರ್ತಿ ಟೈಬೀರಿಯಸ್‌ನ (ಕ್ರಿ.ಶ. 14–37) ಬೆಳ್ಳಿಯ ನಾಣ್ಯ ಅಲ್ಲಿ ದೊರೆಯಿತು. ಅದು ಮಣ್ಣಿನ ಪದರದಲ್ಲಿ ಇದ್ದಲ್ಲೇ ಸಿಕ್ಕಿದ್ದರಿಂದ, ಜೊತೆಯ ಮಡಕೆಚೂರುಗಳ ಕಾಲವನ್ನೂ ಎಣಿಸಲು ಸಾಧ್ಯವಾಯಿತು. ಅದೇ ನಾಣ್ಯ ಅಂಗಡಿಯ ತಕ್ಕಡಿಗೆ ಬಂದಿದ್ದರೆ ಒಂದು ಚೂರು ಬೆಳ್ಳಿ, ಅಷ್ಟೇ.

ಬಂಧುಗಳೇ, ರಜೆಗೆ ಊರಿಗೆ ಹೋದಾಗ ಮದುವೆ ಮುಂಜಿಗಳ ನಡುವೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಬಾದಾಮಿ, ಐಹೊಳೆ, ಕಮಲಾಪುರ, ಯಾವುದು ಹತ್ತಿರವೋ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಿರಿ. ಶುಕ್ರವಾರ ಈ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ರಜೆ, ನೆನಪಿರಲಿ. ಹೊರಡುವುದಕ್ಕೆ ಮೊದಲು ಇಲ್ಲಿಯೇ, ಈ ನಗರದಲ್ಲಿಯೇ, ಮಗುವಿಗೆ ಕನ್ನಡ ಅಕ್ಷರಮಾಲೆ ಕಲಿಸಿರಿ. ಒಡೆಯರ ಕಾಸಿನ ಮೇಲಿನ ‘ಕಾಸು’ ಎಂಬ ಎರಡಕ್ಷರವನ್ನು ಅದು ತಾನೇ ಓದಿ ಹೇಳಿದ ದಿನ ನಿಮ್ಮ ಮನೆಯಲ್ಲಿ ರಾಜ್ಯೋತ್ಸವ.

ಸಿರಿಗನ್ನಡಂ ಗೆಲ್ಗೆ.