ತಂತಿಯ ಲೆಕ್ಕ

ಕಳೆದ ಚಳಿಗಾಲದ ಒಂದು ಬೆಳಗು. ಬಚ್ಚಲುಮನೆಯ ಪ್ಲಗ್ಗು ಕೆಟ್ಟಿತ್ತು. ಮೇಜಿನ ದೀಪಕ್ಕೆಂದು ತಂದಿರಿಸಿದ್ದ ತೆಳುವಾದ ತಂತಿಯನ್ನು ನಡುಮನೆಯಿಂದ ಎಳೆದು, ನೀರು ಕಾಯಿಸುವ ಹೀಟರಿಗೆ ನಾನೇ ಜೋಡಿಸಿದೆ. ಹೆಚ್ಚಾಗಿ ಉಳಿದುದನ್ನು ಸಿಂಬೆ ಸುತ್ತಿ ಮೂಲೆಯಲ್ಲಿಟ್ಟೆ. ಕಾಲು ಗಂಟೆಯಾಗಿರಬಹುದು. “ಅಪ್ಪಾ, ಏನೋ ಸೀದ ವಾಸನೆ!” ಎಂದು ಮಗಳು ಕೂಗಿದಳು. ನೋಡುತ್ತೇನೆ, ಸಿಂಬೆಯ ಹೊದಿಕೆ ಬೆಣ್ಣೆಯಂತೆ ಮೆತ್ತಗಾಗಿದೆ. ಒಡನೆಯೇ ಸ್ವಿಚ್ಚನ್ನು ಆರಿಸಿದೆವು, ಅನಾಹುತ ತಪ್ಪಿತು. ಕನ್ನಡ ಪಾಠ ಹೇಳುವ ನಾನು ಅಂದು ಸಂಜೆ ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರ ಮುಂದೆ ಶಿಷ್ಯನಾಗಿ ಕುಳಿತೆ. ಅಲ್ಲಿ ಕಲಿತುದನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ವಿದ್ಯುತ್ತಿನ ಹರಿವಿಗೆ ತಂತಿಯು ಒಡ್ಡುವ ತಡೆಗೆ ‘ರೋಧ’ವೆಂದು ಹೆಸರು. ‘ರುಧ್’ ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದ ಮಾತು. ವಿರೋಧ, ನಿರೋಧಗಳ ಒಡಹುಟ್ಟು. ಇದರ ನಿಯಮವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದವನು ಜರ್ಮನಿಯ ಜಾರ್ಜ್ ಸೈಮನ್ ಓಮ್. ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಆತನೂ ನಮ್ಮಂತೆಯೇ ಮೇಷ್ಟ್ರು! ಸ್ವದೇಶದಲ್ಲಿ ಮೊದಮೊದಲು ಆದರ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವಿತ್ತು ಗೌರವಿಸಿತು. ವೋಲ್ಟುಗಳನ್ನು ಓಮುಗಳಿಂದ ಭಾಗಿಸಿದರೆ ಹರಿಯುವ ಆಂಪಿಯರು ದೊರೆಯುತ್ತದೆ. ಆತನ ಸೂತ್ರ ಇಷ್ಟೇ.

ಇನ್ನು ತಂತಿಯ ರೋಧವನ್ನು ತಿಳಿಯುವುದು ಹೇಗೆ? ಉದ್ದ ಹೆಚ್ಚಿದಂತೆ ಅದು ಹೆಚ್ಚುತ್ತದೆ, ದಪ್ಪ ಹೆಚ್ಚಿದಂತೆ ಇಳಿಯುತ್ತದೆ. ಕಿರುಗಾಲುವೆಯಲ್ಲಿ ನೀರು ತಿಣುಕುವ ಹಾಗೆ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ತಾಮ್ರದ ತಂತಿಯ ರೋಧ ಸುಮಾರು 0.017 ಓಮ್. ಇದನ್ನು ಉದ್ದದಿಂದ ಗುಣಿಸಿ ಅಡ್ಡಕೊಯ್ತದಿಂದ ಭಾಗಿಸಿದರಾಯಿತು.

ನನ್ನ ತಂತಿಯ ಉದ್ದ 20 ಮೀಟರ್, ಅಡ್ಡಕೊಯ್ತ ಅರ್ಧ ಚದರ ಮಿಲಿಮೀಟರ್. ವಿದ್ಯುತ್ತು ಹೋಗಲು ಒಂದು ಎಳೆ, ಮರಳಲು ಇನ್ನೊಂದು. ಆದಕಾರಣ ಲೆಕ್ಕಕ್ಕೆ ಉದ್ದ 40 ಮೀಟರ್. ರೋಧ 1.36 ಓಮ್. ಹೀಟರಿನ ರೋಧ 23 ಓಮ್ ಎಂದಿಟ್ಟುಕೊಳ್ಳೋಣ. ಎರಡೂ ಕೂಡಿ 24.36. ಮನೆಯ 230 ವೋಲ್ಟನ್ನು ಇದರಿಂದ ಭಾಗಿಸಿದರೆ ಪ್ರವಾಹ 9.44 ಆಂಪಿಯರ್.

ಇದರಲ್ಲಿ ಭಯವೇನೆಂದು ಕೇಳಬಹುದು. ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ, ಮತ್ತೆ ತಂತಿಯ ರೋಧದಿಂದ ಗುಣಿಸಿದರೆ ತಂತಿಯಲ್ಲಿ ಹುಟ್ಟುವ ಶಾಖ ಗೊತ್ತಾಗುತ್ತದೆ: 121 ವ್ಯಾಟ್! ಹಿಂದಿನ ಕಾಲದ 60 ವ್ಯಾಟಿನ ಎರಡು ಬಲ್ಬುಗಳ ಕಾವು. ತಂತಿ ನೀಳವಾಗಿ ಹರಡಿದ್ದರೆ ಒಂದಿಷ್ಟು ಕಾವನ್ನು ಗಾಳಿ ಒಯ್ಯುತ್ತಿತ್ತು. ಸಿಂಬೆಯಲ್ಲಿ ಅದು ಒಳಗೇ ಕುದಿಯಿತು. ಅದೇ ಉದ್ದದ ಎರಡೂವರೆ ಚದರ ಮಿಲಿಮೀಟರಿನ ತಂತಿಯಾಗಿದ್ದರೆ ಶಾಖ ಸುಮಾರು 27 ವ್ಯಾಟ್ ಮಾತ್ರ.

ತಂತಿ ಕೊಳ್ಳುವಾಗ ಬಣ್ಣ, ಬೆಲೆಗಳ ಜೊತೆಗೆ ಈ ಚದರ ಮಿಲಿಮೀಟರಿನ ಅಂಕಿಯನ್ನೂ ಕೇಳಿ ತಿಳಿಯಿರಿ. ದೀಪದ ತಂತಿ ದೀಪಕ್ಕೇ ಇರಲಿ. ನಮ್ಮ ಮನೆಯಲ್ಲಿ ಆ ಸುಟ್ಟ ಸಿಂಬೆಯನ್ನು ಎಸೆದಿಲ್ಲ. ಗೂಟಕ್ಕೆ ನೇತುಹಾಕಿದ್ದೇವೆ, ನನ್ನ ಬುದ್ಧಿಗೊಂದು ನೆನಪಾಗಿ.