ತಿದ್ದಿದ ಚಿತ್ರ

(ಹುಬ್ಬಳ್ಳಿಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ನಮ್ಮ ಮೆರವಣಿಗೆಯ ಫೋಟೋ ಅಚ್ಚಿಗೆ ಹೋಗುವ ಮುನ್ನ ಒಬ್ಬ ತರುಣ ಕಾರ್ಯಕರ್ತ, "ಅಣ್ಣಾ, ಮಂದಿ ಕಡಿಮಿ ಕಾಣಸ್ತಾರ. ಇನ್ನೊಂದು ನೂರು ಮಂದಿನ್ನ ಮೊಬೈಲಿನ್ಯಾಗ ಕೂಡಿಸಿ ಕೊಡ್ತೇನಿ" ಎಂದ. ಪಕ್ಷದ ಮೇಲಿನ ಪ್ರೀತಿಯಿಂದಲೇ ಅಂದ. ನಾನು ಬೇಡವೆಂದೆ. ಏಕೆ ಬೇಡ ಎಂಬುದನ್ನು ಹೇಳಲು ಇಂದು ನಿಂತಿದ್ದೇನೆ.

2022ರ ಎಪ್ರಿಲ್ 16ರ ರಾತ್ರಿಯನ್ನು ಈ ಊರಿನವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ಮಸೀದಿಯ ಮೇಲೆ ಕೇಸರಿ ಧ್ವಜವಿರುವಂತೆ ತಿದ್ದಿದ ಚಿತ್ರವೊಂದು ವಾಟ್ಸಾಪಿನಲ್ಲಿ ಹರಿದಾಡಿತು. ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಜನ ನೆರೆದರು, ಕಲ್ಲು ಬಿದ್ದವು, ಪೊಲೀಸರು ಗಾಯಗೊಂಡರು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಕಲ್ಲೆಸೆದವರ ಪರವಾಗಿ ನಾನು ವಾದಿಸುತ್ತಿಲ್ಲ. ಆದರೆ ಇಲ್ಲದ ಧ್ವಜವೊಂದು ಇಷ್ಟನ್ನು ಮಾಡಿತು.

ಅದು ಪತ್ರಿಕೆಯವರು ಮಾಡಿದ ಚಿತ್ರವಲ್ಲ, ನಿಜ. ಪತ್ರಿಕೆಗಳಿಗೆ ಚಿತ್ರ ಒದಗಿಸುವ ಕೇಂದ್ರ ಸರಕಾರದ ಕಚೇರಿ ಪಿ.ಐ.ಬಿ. ಏನು ಮಾಡಿತು? 2015ರ ಡಿಸೆಂಬರಿನಲ್ಲಿ, ಪ್ರಧಾನಿ ಮೋದಿಯವರು ವಿಮಾನದ ಕಿಟಕಿಯಿಂದ ಚೆನ್ನೈಯ ನೆರೆಯನ್ನು ನೋಡುತ್ತಿರುವ ಚಿತ್ರವನ್ನು ಹೊರಡಿಸಿತು. ಕಿಟಕಿಯಾಚೆಯ ದೃಶ್ಯ ಅಂಟಿಸಿದ್ದು! ಜನ ಕಂಡುಹಿಡಿದ ಮೇಲೆ ಚಿತ್ರವನ್ನು ತೆಗೆದುಹಾಕಿ ವಿಷಾದ ಸೂಚಿಸಿತು. ನೆರೆ ನಿಜ, ಪ್ರಧಾನಿ ಹೋದದ್ದೂ ನಿಜ; ಆದರೂ ಚಿತ್ರ ಸುಳ್ಳು.

ಆಳುವವರನ್ನಷ್ಟೇ ಬಯ್ದು ಕುಳಿತರೆ ಸಾಲದು. 1920ರ ಮೇ 5ರಂದು ಮಾಸ್ಕೋದಲ್ಲಿ ಲೆನಿನ್ ಸೈನಿಕರಿಗೆ ಭಾಷಣ ಮಾಡುವಾಗ ವೇದಿಕೆಯ ಪಕ್ಕದಲ್ಲಿ ಟ್ರಾಟ್‌ಸ್ಕಿ, ಕಾಮೆನೆವ್ ನಿಂತಿದ್ದರು. ಸ್ಟಾಲಿನ್ ಕಾಲದಲ್ಲಿ ಅಚ್ಚಾದ ಅದೇ ಚಿತ್ರದಲ್ಲಿ ಅವರ ಜಾಗದಲ್ಲಿ ಬರಿಯ ಮೆಟ್ಟಿಲುಗಳು. ಆಗ ಕಂಪ್ಯೂಟರ್ ಇರಲಿಲ್ಲ, ಕುಂಚ ಸಾಕಾಯಿತು. ಸಮಾಜವಾದದ ಹೆಸರು ಹೇಳುವವರೇ ಇದನ್ನು ಮಾಡಿದರು ಎಂಬುದು ನನಗೆ ಹೆಚ್ಚು ನೋವಿನ ಸಂಗತಿ.

ಮಸುಕಾದ ಫೋಟೋವನ್ನು ತುಸು ಬೆಳಗಿಸುವುದು ಅಚ್ಚಿನ ಕೆಲಸ. ಇದ್ದವನನ್ನು ಅಳಿಸುವುದು, ಇಲ್ಲದವನನ್ನು ತಂದು ನಿಲ್ಲಿಸುವುದು ಬೇರೆ. ಗಿರಣಿಯ ಹಾಜರಿ ಪುಸ್ತಕದಲ್ಲಿ ಗುಮಾಸ್ತ ಹೀಗೆ ಮಾಡಿದರೆ ನಾವು ಗೇಟಿನ ಮುಂದೆ ಕೂಡುವುದಿಲ್ಲವೆ? ಕೀರ್ದಿಯಲ್ಲಿ ಇಲ್ಲದ ಜಮಾ ಬರೆದವನೊಡನೆ ಪೇಟೆಯವರು ವ್ಯವಹಾರ ಮಾಡುತ್ತಾರೆಯೆ? ನಾಳೆ ಲಾಠಿಯ ಏಟು ತಿಂದ ಕಾರ್ಮಿಕನ ನಿಜವಾದ ಚಿತ್ರವನ್ನು ನಾವು ಅಚ್ಚು ಹಾಕಿದರೆ ಮಾಲಿಕ ಸುಲಭವಾಗಿ ಹೇಳುತ್ತಾನೆ: ಇವರು ಹಿಂದೆಯೂ ತಿದ್ದಿದವರು. ಆಗ ಆ ಬಡವನ ಗಾಯಕ್ಕೆ ಸಾಕ್ಷಿ ಯಾರು?

ಆದುದರಿಂದ ಪ್ರತಿ ಚಿತ್ರದ ಕೆಳಗೆ ಅದನ್ನು ಯಾರು, ಎಂದು ತೆಗೆದರೆಂಬುದನ್ನು ಬರೆಯಬೇಕು, ತಪ್ಪಾದರೆ ಅದೇ ಪುಟದಲ್ಲಿ ಒಪ್ಪಿಕೊಳ್ಳಬೇಕು ಎಂದು ಸಂಪಾದಕ ಮಂಡಲಿಗೆ ಸೂಚನೆ ಕೊಟ್ಟಿದ್ದೇನೆ. ಮೆರವಣಿಗೆಯ ಫೋಟೋ ಇದ್ದಂತೆಯೇ ಬಂದಿದೆ, ನೋಡಿರಿ. ಹಿಂದಿನ ಅರ್ಧ ರಸ್ತೆ ಖಾಲಿ. ಆ ತರುಣ ಇನ್ನೂ ನನ್ನ ಮೇಲೆ ಮುನಿದಿದ್ದಾನೆ.