ಬರೆದುಕೊಂಡು ಹೋದವರು ತಿರುಗಿ ಬರಬೇಕು

(ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ಶಿಬಿರದಲ್ಲಿ ಮಾಡಿದ ಭಾಷಣ)



ನಾಳೆಯಿಂದ ನೀವು ಹೆಬ್ಬಾಳ, ಯಲಹಂಕದ ಕಡೆ ಸಮೀಕ್ಷೆಗೆ ಹೋಗ್ತೀರಿ. ನಿಮ್ಮ ವಿಷಯ ಜಾಗತಿಕ ಅಸಮಾನತೆ ಮತ್ತು ಅಭಿವೃದ್ಧಿ. ವಿಷಯ ಬಹಳ ದೊಡ್ಡದು. ಆದರೆ ಅದು ನಿಮಗೆ ಎದುರಾಗುವುದು ಒಂದು ನೀಲಿ ಟಾರ್ಪಾಲಿನ ಗುಡಿಸಲ ಬಾಗಿಲಲ್ಲಿ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಕಟ್ಟಡಗಳು ಬಂದವು. ಅವನ್ನು ಕಟ್ಟಿದ ಕೈಗಳಲ್ಲಿ ಎಷ್ಟೋ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವು. ಅವರು ಊರು ಬಿಟ್ಟು ಯಾಕೆ ಬರ್ತಾರೆ? 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಅಂದ್ರೆ ಅಸಮಾನತೆ ದೇಶ ದೇಶಗಳ ನಡುವೆ ಮಾತ್ರ ಇಲ್ಲ, ನಮ್ಮ ಬಸ್ಸು ಹೋಗುವ ದಾರಿಯಲ್ಲೇ ಇದೆ.

ಇಂಥ ಒಂದು ಗುಡಿಸಲಿನಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದರು: "ಹೋದ್ ವರ್ಷಾನೂ ಹೆಸರು ಬರ್ಕೊಂಡು ಹೋದ್ರು ಅಕ್ಕೋರೆ. ಮನಿ ಬರ್ತದಂತ ಕುಂತೀವಿ. ಏನಾತ್ರಿ ಅದು?" ಬಂದು ಹೋದವರು ಯಾವುದೋ ಕಾಲೇಜಿನ ವಿದ್ಯಾರ್ಥಿಗಳು. ಅವರು ಮನೆ ಕೊಡ್ತೀವಿ ಅಂತ ಹೇಳಿರಲಿಕ್ಕಿಲ್ಲ. ಆದರೆ ಕೊಡೋದಿಲ್ಲ ಅಂತಲೂ ಹೇಳಲಿಲ್ಲ. ಕೊಳಚೆ ಪ್ರದೇಶ ಎಂದು ಸರ್ಕಾರ ಘೋಷಿಸದ ಜಾಗದಲ್ಲಿ ಇರುವವರಿಗೆ, ಪಟ್ಟಿಯಲ್ಲಿ ಹೆಸರು ಬರೋದೇ ದೊಡ್ಡ ಆಸೆ. ಕೈಯಲ್ಲಿ ಪೆನ್ನು, ಕಾಗದ ಹಿಡಿದು ಬಂದವರೆಲ್ಲ ಅವರಿಗೆ ಸರ್ಕಾರದವರೇ.

ಹಾಗಾದರೆ ಸಂಶೋಧನೆಯೇ ಬೇಡವೇ? ಖಂಡಿತ ಬೇಕು. 2016ರಿಂದ ನಮ್ಮ ಜಿ.ಕೆ.ವಿ.ಕೆ. ಮತ್ತು ಜರ್ಮನಿಯ ಗಾಟಿಂಗೆನ್, ಕಾಸೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ ಬೆಂಗಳೂರಿನ ಅಂಚಿನ 61 ಹಳ್ಳಿಗಳ 1,275 ಮನೆಗಳಲ್ಲಿ ಸಮೀಕ್ಷೆ ಮಾಡಿದರು. ನಗರ ಬೆಳೆದು ಬಂದಾಗ ಹೊಲ, ಹಸು, ಊಟ, ಉದ್ಯೋಗ ಏನಾಗುತ್ತೆ ಅನ್ನೋದು ಇಂಥ ಅಧ್ಯಯನಗಳಿಂದಲೇ ತಿಳಿಯಬೇಕು.

ಇನ್ನೂ ಹಳೆಯ ಉದಾಹರಣೆ ಹೇಳ್ತೀನಿ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ಮಂಡ್ಯಕ್ಕೆ ಬಂದರು. ಒಂದು ಊರಿಗೆ ನಾಲೆ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ಎರಡು ವರ್ಷ ಅಲ್ಲೇ ಇದ್ದು ನೋಡಿದರು. ನೀರು ಬಂದ ಊರಿನಲ್ಲಿ ದುಡ್ಡು ಬಂತು, ಆದರೆ ಹಳೆಯ ಸಂಬಂಧಗಳು ಹಾಗೇ ಉಳಿದವು. ನೀರಿಲ್ಲದ ಊರಿನವರು ಮಂಡ್ಯ ಪೇಟೆಯಲ್ಲಿ ಕೆಲಸ, ವ್ಯಾಪಾರ ಹುಡುಕಿಕೊಂಡರು, ಅಲ್ಲಿನ ಸಮಾಜವೇ ಹೆಚ್ಚು ಬದಲಾಯಿತು. 1962ರಲ್ಲಿ ಪುಸ್ತಕ ಬಂತು. ಅವರು ಅಷ್ಟಕ್ಕೇ ಬಿಡಲಿಲ್ಲ, 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದರು. ಊರು ಮುಂದೆ ಬಂದಿದ್ದರೂ ತೀರಾ ಬಡವರಿಗೆ ಅದರ ಪಾಲು ಸಿಕ್ಕಿಲ್ಲ ಅನ್ನೋದು ತಿರುಗಿ ಬಂದದ್ದರಿಂದಲೇ ಕಂಡಿತು.

ನಾನು ಹಾಗೆ ಮಾಡಲಿಲ್ಲ. 1990ರ ದಶಕದಲ್ಲಿ ಎಂ.ಎಸ್.ಡಬ್ಲ್ಯು. ಓದುವಾಗ ಯಶವಂತಪುರದ ಹತ್ತಿರ 60 ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿದೆ. ಚಹಾ ಕೊಟ್ಟರು, ಮನೆಯ ಸಾಲ, ಸಂಕಟ ಎಲ್ಲಾ ಹೇಳಿಕೊಂಡರು. ನನಗೆ ಒಳ್ಳೆಯ ಅಂಕ ಬಂತು. ವರ್ಷಗಳ ಮೇಲೆ ಹೋದಾಗ ಆ ಗುಡಿಸಲುಗಳೇ ಇರಲಿಲ್ಲ. ಅವರಿಗೆ ಕೊಡಬೇಕಾದ ಉತ್ತರ ಇವತ್ತಿಗೂ ನನ್ನ ಹತ್ತಿರವೇ ಉಳಿದಿದೆ.

ಅದಕ್ಕೇ ನಿಮ್ಮಲ್ಲಿ ಮೂರು ಮಾತು ಕೇಳಿಕೊಳ್ಳುತ್ತೇನೆ. ಮೊದಲನೆಯದು, ಬೆಳಿಗ್ಗೆ ಕೂಲಿಗೆ ನಿಲ್ಲುವ ಹೊತ್ತಿನಲ್ಲಿ ಯಾರನ್ನೂ ನಿಲ್ಲಿಸಬೇಡಿ. ನಿಮ್ಮ ಒಂದು ಗಂಟೆ ಅವರ ಒಂದು ದಿನದ ಕೂಲಿ. ಎರಡನೆಯದು, "ಇದರಿಂದ ನಿಮಗೆ ಮನೆ, ಕಾರ್ಡು ಸಿಗೋದಿಲ್ಲ, ಉತ್ತರ ಹೇಳಲೇಬೇಕು ಅಂತಿಲ್ಲ" ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಮೂರನೆಯದು, ಪ್ರಬಂಧ ಮುಗಿದ ಮೇಲೆ ಅರ್ಧ ಪುಟ ಕನ್ನಡದಲ್ಲಿ ಬರೆದು ತಂದು ಅದೇ ಜನರ ಮುಂದೆ ಓದಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಹೋಗಿ ಓದೋದಕ್ಕೆ ತಡ ಮಾಡಬೇಡಿ. ಗುಡಿಸಲುಗಳು ನಿಮಗಾಗಿ ಕಾಯೋದಿಲ್ಲ.